ಅರ್ಧ ಓದಿ ಕೊಟ್ಟವರು

ಇದನ್ನು ಕನ್ನಡದಲ್ಲಿ ಬರೆಯುವುದಕ್ಕೆ ನನಗೆ ಅನುಕೂಲದ ಕಾರಣವೊಂದಿದೆ. ನಮ್ಮ ಬೀದಿಯಲ್ಲಿ ಎಲ್ಲರೂ ಮನೆಯೊಳಗೆ ಕನ್ನಡ ಮಾತಾಡುತ್ತಾರೆ, ಆದರೆ ಕನ್ನಡ ಅಕ್ಷರ ಓದಲು ಒಬ್ಬರಿಗೂ ಬಾರದು. ಯಾವ ಕಾಲದಲ್ಲೋ ಮಗ್ಗ ಕಟ್ಟಿಕೊಂಡು ಕೊಯಮತ್ತೂರಿನ ಕಡೆ ಬಂದು ನೆಲೆಸಿದವರು ನಾವು. ಓದು, ಬರಹ, ಅಂಗಡಿ, ಆಸ್ಪತ್ರೆ ಎಲ್ಲವೂ ತಮಿಳಿನಲ್ಲಿ. ನಾನೂ ಕನ್ನಡ ಅಕ್ಷರ ಕಲಿತದ್ದು ಮದುವೆಯಾದ ಮೇಲೆ, ಕೊಳ್ಳೇಗಾಲದ ಕಡೆಯಿಂದ ಬಂದು ನಮ್ಮ ಮನೆಯಲ್ಲೇ ನೆಲೆಸಿದ ನನ್ನ ಗಂಡನಿಂದ; ಅವರು ಬೀದಿಗೆ ಹೇಳುವವರಲ್ಲ. ಹಾಗಾಗಿ ಇಲ್ಲಿ ಏನು ಬರೆದರೂ ಬೀದಿಗೆ ಗೊತ್ತಾಗುವುದಿಲ್ಲ. ಗೊತ್ತಾದರೆ ತಲೆಯೆತ್ತಿ ನಡೆಯುವುದು ಕಷ್ಟ. ಕಳೆದ ಆಡಿ ತಿಂಗಳಲ್ಲಿ, ಅಂದರೆ ಆಷಾಢದಲ್ಲಿ, ತೀರಿಕೊಂಡ ಒಬ್ಬ ಹೆಂಗಸಿನ ಮೇಲೆ ಹನ್ನೆರಡು ವರ್ಷ ನಾನು ಹೊಟ್ಟೆಕಿಚ್ಚು ಪಟ್ಟೆ ಎಂಬುದನ್ನು ಬರೆಯಲು ಕೂತಿದ್ದೇನೆ.

ಹೆಸರು ಬೇಡ. ಬೀದಿಗೆಲ್ಲ ಅವರು ಅಕ್ಕ, ನನಗೂ ಅಕ್ಕ. ಅವರ ಕೆಲಸ ಹಾಸು ಕೆಚ್ಚುವುದು. ಮಗ್ಗದ ಮೇಲೆ ಒಂದು ಹಾಸು ನೇಯ್ದು ಮುಗಿಯುತ್ತ ಬಂದಾಗ, ಉಳಿದ ಎಳೆಗಳ ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಕೂಡಿಸಿ ಹೊಸೆಯಬೇಕು. ಸಾವಿರಾರು ಎಳೆ. ಬೆರಳಿಗೆ ಬೂದಿ ಹಚ್ಚಿಕೊಂಡು ಬೆಳಗ್ಗೆ ಮಗ್ಗದ ಮುಂದೆ ಕೂತರೆ ಏಳುವುದು ಸಂಜೆಗೆ. ಇದಕ್ಕೆ ಕಣ್ಣು ಬೇಕು, ಬೆರಳು ಬೇಕು, ಬಾಯಿ ಬೇಕಾಗಿಲ್ಲ. ಅಕ್ಕ ಬಿಡುವಾಗಿದ್ದ ಬಾಯಿಯಿಂದ ಆ ಮನೆಯವರಿಗೆ ಪುಸ್ತಕ ಹೇಳುತ್ತಿದ್ದರು. ಹೆಗಲಿಗೆ ಯಾವುದೋ ಮದುವೆಯಲ್ಲಿ ಕೊಟ್ಟ ಹಳದಿ ಬಟ್ಟೆಚೀಲ, ಅದರೊಳಗೆ ಬೂದಿಯ ಡಬ್ಬಿ, ಬೂದಿಯ ಡಬ್ಬಿಗೆ ಆತುಕೊಂಡು ನಮ್ಮ ಲೈಬ್ರರಿಯ ಎರಡು ಪುಸ್ತಕ.

ನಮ್ಮ ಲೈಬ್ರರಿ ಎಂದೆ. ನನ್ನ ಲೈಬ್ರರಿ ಎಂದು ಬರೆಯಲು ಕೈ ತುರಿಸುತ್ತದೆ. ನಾನು ಅದಕ್ಕೇ ಓದಿದವಳು; ಗ್ರಂಥಾಲಯ ವಿಜ್ಞಾನದಲ್ಲಿ ಪದವಿ, ಅದರಲ್ಲೂ ಪ್ರಥಮ ದರ್ಜೆ. ಊರಿನ ಶಾಖೆಗೇ ಕೆಲಸವಾಗಿ ಬಂದಾಗ ನೂಲು ಸುತ್ತುವ ಬೀದಿಯಲ್ಲಿ ನಾನು ಸೀರೆಯ ನೆರಿಗೆ ಸರಿಮಾಡಿಕೊಂಡು ನಡೆದ ನಡಿಗೆ ನನಗೇ ಈಗ ನಗು ತರಿಸುತ್ತದೆ. ಮೇಜಿತ್ತು, ಸುತ್ತುವ ಕುರ್ಚಿಯಿತ್ತು, ಯಾರಿಗೆ ಯಾವ ಪುಸ್ತಕ ಎಂಬ ವಿಷಯದ ಮೇಲೆ ನಾನು ಬರೆದ ಪ್ರಬಂಧದ ಒಂದು ಪ್ರತಿಯೂ ಡ್ರಾಯರಿನಲ್ಲಿತ್ತು.

ಮೊದಲ ವಾರವೇ ನಮ್ಮ ಬೀದಿಯ ನೇಕಾರರೊಬ್ಬರು ಬಂದರು. ತಮ್ಮನ ಜೊತೆ ನಡುಗೋಡೆಯ ಜಗಳವಾಗಿ ವರ್ಷದಿಂದ ಮಾತು ಬಿಟ್ಟಿದ್ದವರು.

“ಅಕ್ಕ ಹೇಳಿದ ಬುಕ್ಕು ಕೊಡವ್ವ,” ಎಂದರು.

“ಯಾವುದು ಮಾಮ?”

“ಒಬ್ಬ ಇಮಯಮಲೈಗೆ ನಡ್ಕೊಂಡೇ ಹೋಗ್ತಾನಲ್ಲ, ಅದು. ಹಿಮದಾಗೆ ಕಾಲು ಹೂತ್ಕೊಂಡು ನಿಂತಿದ್ದಾನೆ. ಅಲ್ಲಿಗೆ ನಮ್ಮ ಹಾಸು ಮುಗಿದುಹೋಯ್ತು. ಅಕ್ಕ ಎದ್ದು ಹೋಗಿಬಿಟ್ರು.”

ಹಿಮಾಲಯದ ಪ್ರವಾಸಕಥನ. ನನ್ನ ಪ್ರಬಂಧದ ಪ್ರಕಾರ ಆ ಮನುಷ್ಯನಿಗೆ ಕೊಡಬೇಕಾಗಿದ್ದು ಕುಟುಂಬ ಸಾಮರಸ್ಯದ ಕುರಿತ ಪುಸ್ತಕ, ಇಲ್ಲವೇ ಆಸ್ತಿ ಕಾನೂನಿನ ಸರಳ ಪರಿಚಯ. ಎರಡನ್ನೂ ತೆಗೆದು ಮುಂದಿಟ್ಟೆ. ಅವರು ಮುಟ್ಟಲೂ ಇಲ್ಲ. ಸಂಜೆ ದಾರಿಯಲ್ಲಿ ಅಕ್ಕ ಸಿಕ್ಕಾಗ, ಅವರಿಗೆ ಯಾಕೆ ಹಿಮಾಲಯ ಎಂದು ಕೇಳಿದೆ. “ಲೋಕದಾಗೆ ಜಾಗ ಎಷ್ಟು ಬಿದ್ದಿದೆ ಅಂತ ಕೊಂಜ ನೋಡ್ಕೊಳ್ಳಲಿ ಅಮ್ಮಿಣಿ,” ಎಂದರು. ಇಲ್ಲಿ ಪ್ರೀತಿಯಿಂದ ಹೆಣ್ಣುಮಕ್ಕಳನ್ನು ಅಮ್ಮಿಣಿ ಎನ್ನುತ್ತಾರೆ. ಆವತ್ತು ನನಗೆ ಆ ಪ್ರೀತಿ ಹಿಡಿಸಲಿಲ್ಲ.

ಗೋಡೆ ಬಿತ್ತು ಎಂದು ನೀವು ಕಾಯುತ್ತಿದ್ದರೆ, ಬೀಳಲಿಲ್ಲ. ಇವತ್ತಿಗೂ ನಿಂತಿದೆ. ಆದರೆ ಆ ಪುಸ್ತಕ ವಾಪಸು ಬರುವ ಮೊದಲು ತಮ್ಮನ ಮನೆಗೂ ಹೋಗಿ ಬಂದಿತ್ತು. ಅದು ಹೇಗೆ ಗೊತ್ತಾಯಿತು ಎಂದರೆ, ಹಿಂತಿರುಗಿಸಲು ಬಂದವನು ತಮ್ಮ.

ಹೀಗೆ ಶುರುವಾಯಿತು. ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಚೆಕ್ಕಿಂಗಿಗೆ ಹೋಗುತ್ತಿದ್ದ ಹುಡುಗಿಗೆ ಮದುವೆ ಗೊತ್ತಾಗಿತ್ತು. ಅಕ್ಕ ಅವಳಿಗೆ ಹೇಳಿದ್ದು ದೆವ್ವದ ಕಥೆಗಳ ಪುಸ್ತಕ. ಅಡುಗೆ ಪುಸ್ತಕವನ್ನು ನಾನು ಎತ್ತಿಟ್ಟುಕೊಂಡು ಕಾದಿದ್ದೆ. “ಅಡಿಗೆ ಅವ್ರ ಅತ್ತೆ ಹೇಳ್ಕೊಡ್ತಾಳೆ. ಹೆದರ್ಕೊಂಡು ಆಮೇಲೆ ನಗೋದು ಯಾರು ಹೇಳ್ಕೊಡೋದು?” ಎಂಬುದು ಅವರ ಸಮಜಾಯಿಷಿ. ವಾಲ್ಪಾರೈ ಘಾಟಿಯಲ್ಲಿ ಬಸ್ಸು ಓಡಿಸುವ ಒಬ್ಬ ಡ್ರೈವರಣ್ಣ ಇದ್ದಾರೆ, ನಮ್ಮೂರಿನವರೇ, ಮನೆಯಲ್ಲಿ ಹೆಂಡತಿಯದೊಂದು ಮಗ್ಗ. ಯಾರ ಜೊತೆಯೂ ಎರಡು ಮಾತಿಗಿಂತ ಮೂರನೆಯದು ಆಡದ ಮನುಷ್ಯ. ಅವರಿಗೆ ತೆಳುವಾದ ಕವಿತೆಯ ಪುಸ್ತಕ. ಕವಿತೆಯ ಕಪಾಟಿಗೆ ನಾನು ಬಂದ ಮೇಲೆ ಕೈ ಹಾಕಿದ ಮೊದಲ ಓದುಗ ಅವರು. ಒಂದೊಂದು ತಿರುವಿಗೆ ಒಂದೊಂದು ಸಾಲು ನೆನಪಿಟ್ಟುಕೊಂಡಿದ್ದೇನೆ ಎಂದು ಅವರು ಹೇಳಿದ್ದು ನನ್ನ ಹತ್ತಿರ ಅಲ್ಲ, ಅಕ್ಕನ ಹತ್ತಿರ.

ನಾನು ಸುಮ್ಮನೆ ಕೂರುವವಳಲ್ಲ. ಬಾಗಿಲ ಎದುರಿಗೆ ಒಂದು ಹಲಗೆ ಹಾಕಿಸಿ, ‘ಈ ವಾರ ಓದಿ’ ಎಂದು ಬಣ್ಣದ ಪೆನ್ನಿನಲ್ಲಿ ಬರೆದೆ. ಕಾದಂಬರಿ, ಇತಿಹಾಸ, ವಿಜ್ಞಾನ, ಆತ್ಮಕಥೆ, ಆರೋಗ್ಯ, ವಿಷಯಕ್ಕೊಂದರಂತೆ ಆರಿಸಿಟ್ಟು ಪ್ರತಿಯೊಂದಕ್ಕೂ ಪುಟ್ಟ ಚೀಟಿಯಲ್ಲಿ ಪರಿಚಯ ಬರೆದೆ. ಆ ಪರಿಚಯಗಳು ಚೆನ್ನಾಗಿದ್ದವು. ಈಗಲೂ ಹೇಳುತ್ತೇನೆ, ಬಹಳ ಚೆನ್ನಾಗಿದ್ದವು. ವಾರ ಕಳೆದ ಮೇಲೆ ನೋಡಿದರೆ ಹಲಗೆಯ ಮೇಲೆ ಯಾರೋ ಹಾಲಿನ ಪಾತ್ರೆ ಇಟ್ಟು ಪೇಪರ್ ಓದಿ ಹೋಗಿದ್ದರು, ಅದರ ಬಳೆಯಂಥ ಗುರುತು ಇತಿಹಾಸದ ಮೇಲೆ ಬಿದ್ದಿತ್ತು. ಎರಡು ತಿಂಗಳಾದ ಮೇಲೆ ನಾನು ಮಾಡಿದ್ದು ಹೇಳಿಕೊಳ್ಳುವಂಥದ್ದಲ್ಲ. ಅಕ್ಕ ಆ ವಾರ ಯಾವ ಬೀದಿಯಲ್ಲಿ ಯಾವ ಪುಸ್ತಕ ಹೇಳಿದರು ಎಂದು ಬಂದವರ ಬಾಯಿಂದ ತಿಳಿದುಕೊಂಡು, ಅವನ್ನೇ ಹಲಗೆಯ ಮೇಲಿಟ್ಟೆ. ಎಲ್ಲವೂ ಹೋದವು. ಮೇಲಧಿಕಾರಿಗಳು ಬಂದಾಗ ಹಲಗೆಯನ್ನು ಮೆಚ್ಚಿದರು. ನಾನು ತಲೆ ತಗ್ಗಿಸಿ ಆ ಮೆಚ್ಚುಗೆಯನ್ನು ನುಂಗಿಕೊಂಡೆ.

ಇನ್ನೊಂದು ಆಸೆಯೂ ಇತ್ತು. ಊರಿಗೆಲ್ಲ ಹೇಳುವವರು ನನಗೂ ಒಂದು ಪುಸ್ತಕ ಹೇಳಲಿ ಎಂದು. ಯಾವುದನ್ನು ಹೇಳುತ್ತಾರೋ ಅದರಿಂದ ನನ್ನನ್ನು ಏನೆಂದು ತಿಳಿದಿದ್ದಾರೆ ಎಂಬುದು ಗೊತ್ತಾಗುತ್ತದಲ್ಲ. ಒಂದು ಮಧ್ಯಾಹ್ನ ಲೈಬ್ರರಿಯಲ್ಲಿ ಯಾರೂ ಇಲ್ಲದಾಗ ಕೇಳಿಯೇಬಿಟ್ಟೆ.

“ಅಕ್ಕ, ನನಗೆ ಯಾವುದು ಹೇಳ್ತೀರಾ?”

ಅವರು ಕನ್ನಡಕವನ್ನು ಸೆರಗಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡು, ನನ್ನನ್ನೂ ನನ್ನ ಹಿಂದಿನ ಕಪಾಟುಗಳನ್ನೂ ನೋಡಿದರು. “ನಿನಗೇನು ಹೇಳೋದು ಕಣ್ಣು? ನೀನು ಎಲ್ಲಾ ಓದಿ ಮುಗಿಸಿದವಳು,” ಎಂದು ನಕ್ಕರು. ಕಣ್ಣು ಎನ್ನುವುದೂ ಇಲ್ಲಿ ಮುದ್ದಿನ ಮಾತೇ. ಹೊಗಳಿಕೆಯ ಹಾಗೇ ಇತ್ತು. ಮನೆಗೆ ಹೋಗಿ ಪಾತ್ರೆ ತೊಳೆಯುವಾಗ ಯಾಕೋ ಕಣ್ಣು ತುಂಬಿಬಂತು.

ಇಷ್ಟೇ ಆಗಿದ್ದರೆ ಸಣ್ಣ ಹೊಟ್ಟೆಕಿಚ್ಚು. ಕೆಲಸದ ಜಾಗದಲ್ಲಿ ಯಾರಿಗೆ ಇರುವುದಿಲ್ಲ. ಅದು ಮನೆಯೊಳಗೆ ಬಂದದ್ದು ಅಪ್ಪ ಹೋದ ಮೇಲೆ.

ಅಪ್ಪ ಅರ್ಧ ನೇಯ್ದ ಸೀರೆಯನ್ನು ಮಗ್ಗದ ಮೇಲೇ ಬಿಟ್ಟು ಹೋದರು. ನಾಲ್ಕು ವರ್ಷವಾಯಿತು. ಅಮ್ಮ ಆ ಮಗ್ಗದ ಪಕ್ಕ ಗೋಡೆಗೆ ಒರಗಿ ಕೂತವಳು ತಿಂಗಳುಗಟ್ಟಲೆ ಅಲ್ಲಿಂದ ಹೆಚ್ಚು ಕದಲಲಿಲ್ಲ. ತಟ್ಟೆ ಮುಂದಿಟ್ಟರೆ ಉಣ್ಣುತ್ತಿದ್ದಳು, ಏಳು ಎಂದರೆ ಏಳುತ್ತಿದ್ದಳು. ಮಾತು ಮಾತ್ರ ಇರಲಿಲ್ಲ. ಅಮ್ಮ ಐದನೆಯ ಕ್ಲಾಸಿನ ತನಕ ತಮಿಳು ಓದಿದವಳು, ತುಟಿ ಅಲುಗಿಸುತ್ತ ನಿಧಾನವಾಗಿ ಓದಬಲ್ಲಳು. ನಾನು ಲೈಬ್ರರಿಯಿಂದ ಒಂದೊಂದೇ ಪುಸ್ತಕ ತಂದೆ. ಮೊದಲು ದೇವರ ಪುಸ್ತಕ. ಆಮೇಲೆ ದುಃಖವನ್ನು ಹೇಗೆ ದಾಟಬೇಕು ಎಂದು ದೊಡ್ಡ ಡಾಕ್ಟರೊಬ್ಬರು ಬರೆದದ್ದು. ಆಮೇಲೆ ಗಂಡನನ್ನು ಕಳೆದುಕೊಂಡು ಧೈರ್ಯವಾಗಿ ಬದುಕಿದ ಒಬ್ಬ ಹೆಂಗಸಿನ ಜೀವನಚರಿತ್ರೆ. ದೇವರ ಪುಸ್ತಕದ ಮೇಲೆ ಬಿಸಿ ಪಾತ್ರೆ ಇಳಿಸಿದ್ದಳು. ಮಿಕ್ಕ ಎರಡೂ ನಾನಿಟ್ಟ ಜಾಗದಲ್ಲೇ ಇದ್ದವು. ರಾತ್ರಿ ಊಟಕ್ಕೆ ಮುಂಚೆ ನಾನೇ ಗಟ್ಟಿಯಾಗಿ ಓದಿದರೆ, ಅಮ್ಮ ಎದ್ದು ಹೋಗಿ ಒಲೆ ಒರೆಸುತ್ತಿದ್ದಳು.

ಒಂದು ದಿನ ಕರೆಯದೇ ಅಕ್ಕ ಬಂದರು. ನಿಂತುಹೋದ ಮಗ್ಗದಲ್ಲಿ ಅವರಿಗೆ ಕೆಲಸವಿಲ್ಲ. ಚೀಲದಿಂದ ಒಂದು ಸೇರು ಅವರೆಕಾಯಿ ತೆಗೆದು ಅಮ್ಮನ ಮುಂದೆ ಸುರಿದು, “ಅತ್ತಿಗೆ, ಒಬ್ಬಳೇ ಬಿಡಿಸೋಕೆ ಬೇಜಾರು, ನೀನೂ ಕೈ ಹಾಕು,” ಎಂದು ಕೂತರು. ನಾನು ಒಳಕೋಣೆಯಲ್ಲಿದ್ದೆ. ಕಾಯಿ ಬಿಡಿಸುತ್ತ ಅಕ್ಕ ಶುರು ಮಾಡಿದರು. ಒಬ್ಬ ಗಿರಣಿ ಯಜಮಾನ, ಅವನನ್ನು ಯಾರೋ ಕೊಂದಿದ್ದಾರೆ. ಮನೆಯಲ್ಲಿ ಇದ್ದವರು ಐದು ಜನ. ಐವರಿಗೂ ಅವನು ಬೇಡವಾಗಿದ್ದ.

ನನಗೆ ಮೈ ಉರಿಯಿತು. ಸಾವಿನ ಮನೆಗೆ ಕೊಲೆಯ ಕಥೆ ತಂದಿದ್ದಾರಲ್ಲ. ಅದೂ ಪತ್ತೇದಾರಿ ಕಾದಂಬರಿ. ಈ ಜಾತಿಯ ಪುಸ್ತಕವನ್ನು ನಾನು ಎಂದೂ ಓದಿದವಳಲ್ಲ. ರಟ್ಟು ಕಿತ್ತು ಬಂದಾಗ ಅಂಟು ಹಾಕಿ ಜೋಡಿಸುವುದಷ್ಟೇ ನನಗೂ ಅವಕ್ಕೂ ಇದ್ದ ಸಂಬಂಧ. ಎದ್ದು ಹೊರಗೆ ಹೋಗಿ ನಿಲ್ಲಿಸಿಬಿಡೋಣ ಎಂದುಕೊಂಡು ಬಾಗಿಲ ತನಕ ಬಂದೆ.

ಕಾಯಿ ಮುಗಿಯಿತು. ಅಕ್ಕ ಸಿಪ್ಪೆ ಒಟ್ಟು ಮಾಡಿಕೊಂಡು ಎದ್ದರು.

“ಅಪ್ಪುರ?” ಎಂದಳು ಅಮ್ಮ. ಆಮೇಲೆ ಎಂದು ಕೇಳುವುದು. ತಿಂಗಳುಗಳಿಂದ ಆ ಮನೆಯಲ್ಲಿ ಕೇಳಿಬಂದ ಮೊದಲ ಪ್ರಶ್ನೆ.

“ನನಗೆ ಅಷ್ಟೇ ಗೊತ್ತಿರೋದು ಅತ್ತಿಗೆ. ಪಾದಿ ತಾನೇ ಓದಿದ್ದೀನಿ. ಮಿಕ್ಕಿದ್ದು ನೀನು ಓದಿ ನನಗೆ ಹೇಳು. ಕೊಂದವನು ಯಾರು ಅಂತ ತಿಳೀಬೇಕಲ್ಲ,” ಎಂದು ಅರ್ಧದಲ್ಲಿ ಕಡ್ಡಿ ಇಟ್ಟ ಪುಸ್ತಕವನ್ನು ಅಮ್ಮನ ಮಡಿಲಿಗೆ ಹಾಕಿ ಹೋದರು.

ನನಗೆ ಗೊತ್ತಿರುವುದು ಅಷ್ಟೇ ಎಂಬುದನ್ನು ನಾನು ವ್ಯಾಪಾರದ ಮಾತು ಎಂದುಕೊಂಡೆ. ಅಮ್ಮ ಒಂಬತ್ತು ದಿನ ತೆಗೆದುಕೊಂಡು ಅದನ್ನು ಓದಿದಳು. ಹತ್ತನೆಯ ದಿನ ತಲೆ ಬಾಚಿ, ಸೀರೆ ಬದಲಾಯಿಸಿ, ನಾಲ್ಕು ಮನೆ ಆಚೆಗಿದ್ದ ಅಕ್ಕನ ಮನೆಗೆ ತಾನೇ ನಡೆದು ಹೋದಳು. ವಾಪಸು ಬಂದದ್ದು ಮಧ್ಯಾಹ್ನಕ್ಕೆ, ಕೈಯಲ್ಲಿ ಇನ್ನೊಂದು ಪುಸ್ತಕ ಹಿಡಿದು. ಸಂತೋಷಪಡಬೇಕಾದ ಹೊತ್ತು. ಪಟ್ಟೆ ಕೂಡ. ಆದರೆ ನನ್ನ ತಾಯಿಯನ್ನು ಎಬ್ಬಿಸಿ ಕೂರಿಸಿದ್ದು ನಾನಲ್ಲ.

“ನಾನು ತಂದುಕೊಟ್ಟದ್ದು ಒಂದೂ ಓದಲಿಲ್ಲವಲ್ಲಮ್ಮ,” ಎಂದು ಕೇಳಿದೆ.

“ನೀನು ಬುಕ್ಕು ಕೊಡೋದು ಮಾತ್ರೆ ಕೊಟ್ಟಂಗೆ ಇರುತ್ತೆ,” ಎಂದಳು ಅಮ್ಮ. “ನುಂಗಿದಳಾ ಇಲ್ಲವಾ ಅಂತ ನಿಂತು ನೋಡ್ತೀಯ.”

ಅಲ್ಲಿಂದ ಮುಂದೆ ಅದೇ ಪದ್ಧತಿಯಾಯಿತು. ನಮ್ಮ ಲೈಬ್ರರಿಯ ಪುಸ್ತಕ ಅಕ್ಕನ ಚೀಲಕ್ಕೆ ಹೋಗಿ, ಅಲ್ಲಿಂದ ಅಮ್ಮನ ಮಡಿಲಿಗೆ ಬಂದು, ತಿರುಗಿ ನನ್ನ ಮೇಜಿಗೆ ಬರುತ್ತಿತ್ತು. ನನ್ನ ಮನೆಯಿಂದಲೇ ನನ್ನ ಮೇಜಿಗೆ ನಾಲ್ಕು ಮನೆ ಬಳಸಿಕೊಂಡು. ಮುದ್ರೆ ಒತ್ತುವವಳು ನಾನು.

ಮುದ್ರೆ ಒತ್ತುವಾಗಲೇ ಅದನ್ನು ನೋಡಿದೆ. ಅಕ್ಕನ ಕೈ ದಾಟಿ ಬಂದ ಪುಸ್ತಕಗಳ ಅಂಚಿನಲ್ಲಿ ಬೂದಿಯ ಹೆಬ್ಬೆರಳ ಗುರುತು ಇರುತ್ತಿತ್ತು. ಎಷ್ಟು ತೊಳೆದರೂ ಆ ಬೆರಳಿನಿಂದ ಬೂದಿ ಹೋಗುತ್ತಿರಲಿಲ್ಲವೇನೋ. ಪುಟ ಪುಟಕ್ಕೂ ಮಸುಕು ಗುರುತು, ನಡುವಿನ ತನಕ. ನಡುವಿನಿಂದಾಚೆಗೆ ಒಂದೂ ಇಲ್ಲ. ಒಂದು ಪುಸ್ತಕ ತೆರೆದೆ, ಇನ್ನೊಂದು ತೆರೆದೆ. ಕಪಾಟಿನಿಂದ ಇಪ್ಪತ್ತು ಇಳಿಸಿ ನೋಡಿದೆ. ಹಿಮಾಲಯದವನು ಹಿಮದಲ್ಲಿ ಹೂತ ಪುಟಕ್ಕೆ ಗುರುತು ನಿಂತಿತ್ತು. ಅವರು ಒಂದೇ ಒಂದು ಪುಸ್ತಕವನ್ನೂ ಓದಿ ಮುಗಿಸಿದವರಲ್ಲ. ಅಮ್ಮನಿಗೆ ಹೇಳಿದ್ದು ವ್ಯಾಪಾರದ ಮಾತಾಗಿರಲಿಲ್ಲ, ನಿಜವಾಗಿತ್ತು.

ಆವತ್ತು ನನಗಾದ ಖುಷಿಯನ್ನು ಬರೆಯಲು ನಾಚಿಕೆಯಾಗುತ್ತದೆ. ಹಸಿದವಳಿಗೆ ಎಲೆ ಹಾಕಿದ ಹಾಗಾಯಿತು. ಅರ್ಧಂಬರ್ಧ ಓದಿದವರು ಇಡೀ ಊರಿಗೆ ಪುಸ್ತಕ ಹೇಳುತ್ತಿದ್ದಾರೆ. ಪೂರ್ತಿ ಓದಿದ ನನ್ನ ಕಡೆ ಯಾರೂ ತಿರುಗುವುದಿಲ್ಲ. ಇದು ಊರಿಗೆ ಗೊತ್ತಾಗಬೇಕು ಎಂದುಕೊಂಡೆ.

ಪ್ರತಿ ತಿಂಗಳು ಒಂದು ಭಾನುವಾರ ಲೈಬ್ರರಿಯಲ್ಲಿ ಓದುಗರು ಸೇರುತ್ತೇವೆ. ಸುಮಾರು ಹದಿನೈದು ಜನ, ಟೀ, ಬಿಸ್ಕತ್ತು. ಆ ಸಲ ಅಕ್ಕನನ್ನು ವಿಶೇಷವಾಗಿ ಕರೆದೆ. ಅಮ್ಮನನ್ನೂ ಕರೆದುಕೊಂಡು ಬಂದರು ಅವರು. ಅಮ್ಮ ನನ್ನ ಲೈಬ್ರರಿಯ ಮೆಟ್ಟಿಲು ಹತ್ತಿದ್ದು ಅದೇ ಮೊದಲು, ಅದೂ ಅವರ ಕೈ ಹಿಡಿದು. ಇದ್ದಬದ್ದ ಮರುಕವೂ ಅಲ್ಲಿಗೆ ಹೋಯಿತು.

ಎಲ್ಲರ ಮುಂದೆ ಕೇಳಿದೆ. “ಅಕ್ಕ, ಹಿಮಾಲಯಕ್ಕೆ ಹೋದವನು ಕೊನೆಗೆ ಏನಾದ?”

“ಅಲ್ಲೀತನಕ ನಾನು ಓದಿಲ್ಲ ಅಮ್ಮಿಣಿ.”

“ಹೋಗಲಿ, ಗಿರಣಿ ಯಜಮಾನನನ್ನು ಯಾರು ಕೊಂದದ್ದು? ಎಷ್ಟನೇ ಪುಟದಲ್ಲಿ ಗೊತ್ತಾಗುತ್ತೆ?”

“ಪುಟ ತಿಳೀದು.”

“ಇಷ್ಟು ವರ್ಷದಲ್ಲಿ ಒಂದಾದರೂ ಪುಸ್ತಕ ಕೊನೇ ತನಕ ಓದಿದ್ದೀರಾ?”

“ಇಲ್ಲ ಕಣ್ಣು,” ಎಂದರು ಅಕ್ಕ, ಬಿಸ್ಕತ್ತನ್ನು ಟೀಯಲ್ಲಿ ಅದ್ದಿಕೊಂಡು. “ಒಂದೂ ಇಲ್ಲ.”

ನಾನು ಎಲ್ಲರ ಮುಖ ನೋಡಿದೆ. ಗೆದ್ದವಳು ನೋಡುವ ಹಾಗೆ. ಯಾರ ಮುಖದಲ್ಲೂ ಬೆರಗಿಲ್ಲ. ಎರಡು ಮಾತಿಗಿಂತ ಹೆಚ್ಚು ಆಡದ ಆ ಡ್ರೈವರಣ್ಣನೇ ಬಾಯಿ ಬಿಟ್ಟರು. “ಅಕ್ಕನಿಗೆ ಮುಡಿವು ನಾವು ತಾನೇ ಹೋಗಿ ಹೇಳೋದು? ನಿನಗೆ ತಿಳೀದಾ?” ಮುಡಿವು ಎಂದರೆ ಮುಕ್ತಾಯ. ನೇಕಾರ ಮಾಮ ತಲೆಯಾಡಿಸಿದರು. ಹಿಮದಲ್ಲಿ ಹೂತವನ ಕಥೆಯ ಮುಕ್ತಾಯ ಹೇಳಲು ಅವರೂ ತಮ್ಮನೂ ಒಂದೇ ಸಂಜೆ ಅಕ್ಕನ ಮನೆಗೆ ಹೋಗಿದ್ದರಂತೆ, ಬೇರೆ ಬೇರೆಯಾಗಿ ಹೊರಟು. ಮದುವೆಯಾಗಿ ಹೋದ ಹುಡುಗಿ ಫೋನು ಮಾಡಿ ಹೇಳುತ್ತಿದ್ದಳಂತೆ. ಎಲ್ಲರಿಗೂ ಗೊತ್ತಿತ್ತು. ಅಮ್ಮ ಮಾತ್ರ ನನ್ನನ್ನೇ ನೋಡುತ್ತಿದ್ದಳು, ಚಿಕ್ಕವಳಿದ್ದಾಗ ನಾನು ಯಾರದೋ ಮನೆಯಲ್ಲಿ ಕೇಳಿ ತಿಂದಾಗ ನೋಡುತ್ತಿದ್ದ ಹಾಗೆ. ಆ ಸಭೆಯನ್ನು ಹೇಗೆ ಮುಗಿಸಿದೆನೋ ನನಗೆ ನೆನಪಿಲ್ಲ.

ಮಾರನೆಯ ದಿನ ಲೈಬ್ರರಿ ತೆರೆಯುವ ಹೊತ್ತಿಗೇ ಅಕ್ಕ ಬಂದರು. ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ನನಗೆ ಸಲೀಸಾಗುತ್ತಿತ್ತು. ಎರಡು ಪುಸ್ತಕ ಹಿಂತಿರುಗಿಸಿ ಎರಡು ಆರಿಸಿಕೊಂಡು ಮೇಜಿನ ಮುಂದೆ ನಿಂತರು.

“ಕೊನೇ ಪುಟ ಓದಬಾರದು ಅಂತ ನೇಮ ಏನಿಲ್ಲ ಅಮ್ಮಿಣಿ. ಮೊದಮೊದಲು ಆಸೆ ತಡ್ಕೊಳ್ಳೋದು ಕಷ್ಟವಾಗ್ತಿತ್ತು. ಆದ್ರೆ ನಾನೇ ಮುಗಿಸಿಬಿಟ್ರೆ ಅವ್ರು ಬಂದು ಹೇಳೋದೇನು? ನನ್ನ ಮನೇಲಿ ಯಾರಿದ್ದಾರೆ? ಹಾಸು ಕೆಚ್ಚೋ ವೇಲೆ ಮುಗಿಸಿ ಹೋದ್ರೆ ನಾಲ್ಕು ಗೋಡೆ. ಈಗ ದಿನಾ ಒಬ್ಬರು ಬರ್ತಾರೆ, ಮುಡಿವು ಹೇಳ್ತಾರೆ. ಹೇಳ್ತಾ ಹೇಳ್ತಾ ತಮ್ಮದೂ ಏನೋ ಹೇಳ್ತಾರೆ. ಎಲ್ಲಾ ತಿಳಿದವಳ ಹತ್ರ ಬಂದು ಯಾರು ಏನು ಹೇಳ್ತಾರೆ?”

ಕೊನೆಯ ಮಾತು ತಮ್ಮ ಬಗ್ಗೆಯೇ ಆಡಿದ್ದು. ಅವರ ಬಾಯಲ್ಲಿ ಕೊಂಕು ಇರುತ್ತಿರಲಿಲ್ಲ. ಆದರೂ ಅದು ನನ್ನ ಸುತ್ತುವ ಕುರ್ಚಿಯ ಮೇಲೇ ಬಂದು ಕೂತಿತು. ಕ್ಷಮಿಸಿ ಅಕ್ಕ ಎನ್ನಬೇಕಿತ್ತು. “ಇಪ್ಪತ್ತನೇ ತಾರೀಖಿನೊಳಗೆ ವಾಪಸು ಕೊಡಿ,” ಎಂದೆ.

ಆಮೇಲಿನ ಎರಡು ವರ್ಷ ನಾನು ಜಗಳ ಬಿಟ್ಟೆ. ಕಿಚ್ಚು ಬಿಡಲಿಲ್ಲ. ಅಮ್ಮ ಅಕ್ಕನ ಮನೆಗೆ ಹೋಗಿ ಗಂಟೆಗಟ್ಟಲೆ ಏನು ಹೇಳುತ್ತಾಳೆ ಎಂದು ನನಗೆ ಗೊತ್ತಾಗುತ್ತಿರಲಿಲ್ಲ. ಅಪ್ಪನ ವಿಷಯ ಹೇಳುತ್ತಾಳೇನೋ. ನನ್ನ ಹತ್ತಿರ ಒಂದು ದಿನವೂ ಹೇಳಲಿಲ್ಲ. ಒಂದೆರಡು ಸಲ ನಾನೇ ಜಾಣತನ ಮಾಡಿ, ನಾನು ಓದಿದ್ದ ಕಾದಂಬರಿಯನ್ನು ಓದದವಳ ಹಾಗೆ, “ಹೇಗೆ ಮುಗಿಯುತ್ತಮ್ಮ ಅದು?” ಎಂದು ಕೇಳಿದ್ದೆ. ಅಮ್ಮ ನನ್ನ ಮುಖ ನೋಡಿ, “ನಿನಗೆ ತಿಳಿದಿದೆ. ಸುಮ್ಮನಿರು,” ಎಂದುಬಿಟ್ಟಳು. ನನಗೆ ನಟನೆ ಬರುವುದಿಲ್ಲ.

ಅಕ್ಕ ಹೋದದ್ದು ಮೂರೇ ದಿನದ ಜ್ವರಕ್ಕೆ. ಜ್ವರ ಬರುವ ಹಿಂದಿನ ವಾರ ಹೊಸದಾಗಿ ಬಂದಿದ್ದ ಒಂದು ಪತ್ತೇದಾರಿ ಕಾದಂಬರಿಯನ್ನು ಅಮ್ಮನಿಗೆ ಅರ್ಧ ಹೇಳಿ ಕೊಟ್ಟುಹೋಗಿದ್ದರು. ಸುದ್ದಿ ಬಂದಾಗ ಅಮ್ಮ ಅದರ ಮುಕ್ಕಾಲು ಭಾಗದಲ್ಲಿದ್ದಳು. ಪುಸ್ತಕ ಮುಚ್ಚಿಟ್ಟು ಹೋಗಿ ಬಂದು ಸ್ನಾನ ಮಾಡಿದಳು. ಮೂರು ದಿನ ಮುಟ್ಟಲಿಲ್ಲ. ನಾಲ್ಕನೆಯ ದಿನ ತೆಗೆದುಕೊಂಡು, ಕೊನೆಯ ಪುಟದ ತನಕ ಓದಿ, ಪಕ್ಕಕ್ಕಿಟ್ಟು, ಬಹಳ ಹೊತ್ತು ಬಾಗಿಲ ಕಡೆ ನೋಡುತ್ತ ಕೂತಳು.

ಹನ್ನೊಂದನೆಯ ದಿನ ನಾವಿಬ್ಬರೂ ಆ ಮನೆಗೆ ಹೋದೆವು. ಪೋತ್ತನೂರಿನಿಂದ ಬಂದಿದ್ದ ಅಕ್ಕನ ತಂಗಿ ಬಾಳೆಲೆಯ ಕೆಲಸದಲ್ಲಿದ್ದರು. ಬೀದಿಯ ಹೆಂಗಸರು ಅಕ್ಕನ ಸೈರಣೆಯನ್ನು ಹೊಗಳುತ್ತಿದ್ದರು. ಒಬ್ಬಾಕೆ, ಎಳೆ ಕೆಚ್ಚಿದ ಹಾಗೇ ಮನೆ ಮನೆಯನ್ನೂ ಕೆಚ್ಚಿದಳು ಎಂದಳು. ಚೆನ್ನಾಗಿದೆ, ನನಗೆ ಹೊಳೆಯಲಿಲ್ಲವಲ್ಲ ಎಂದು ಅದಕ್ಕೂ ಹೊಟ್ಟೆಕಿಚ್ಚಾಯಿತು. ಅಮ್ಮ ಯಾರ ಜೊತೆಯೂ ಕೂರದೆ ನೇರವಾಗಿ ಒಳಗೆ ಹೋಗಿ, ದೀಪ ಹಚ್ಚಿಟ್ಟಿದ್ದ ಫೋಟೋದ ಮುಂದೆ ಕಾಲು ಮಡಿಸಿ ಕೂತಳು. ಸೆರಗಿನಡಿಯಿಂದ ಪುಸ್ತಕ ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಆಮೇಲೆ ತಗ್ಗಿದ ದನಿಯಲ್ಲಿ ಹೇಳತೊಡಗಿದಳು. ಕೈ ಆಡಿಸುತ್ತ, ಒಮ್ಮೆ ಬೆರಳು ಮಡಿಸಿ ಎಣಿಸುತ್ತ, ಒಮ್ಮೆ ತಾನೇ ನಗುತ್ತ. ನಾನು ಬಾಗಿಲಲ್ಲಿ ನಿಂತಿದ್ದೆ. ಒಂದು ಮಾತೂ ಕೇಳಿಸಲಿಲ್ಲ. ಅರ್ಧ ಗಂಟೆ ಅಲ್ಲಿ ನಿಂತು ಒಂದು ಫೋಟೋದ ಮೇಲೆ ಅಸೂಯೆಪಟ್ಟೆ. ಇದಕ್ಕಿಂತ ಕೆಳಗೆ ಇಳಿಯಲು ಜಾಗವಿಲ್ಲ ಎಂದು ಗೊತ್ತಿದ್ದರೂ ಪಟ್ಟೆ.

ಮನೆಗೆ ನಡೆದು ಬರುವಾಗ ಎರಡು ಮನೆ ದಾಟಿದ ಮೇಲೆ ತಡೆಯಲಾಗಲಿಲ್ಲ.

“ಕೊಂದದ್ದು ಯಾರಮ್ಮ?”

ಅಮ್ಮ ನಿಂತು ನನ್ನ ಮುಖ ನೋಡಿದಳು. ಎಂದಿನ ಹಾಗೆ ಮುಖ ತಿರುಗಿಸಲಿಲ್ಲ, ಇನ್ನೂ ನೋಡಿದಳು.

“ನಿಜವಾಗ್ಲೂ ತಿಳೀದಾ ನಿನಗೆ?”

“ಇಲ್ಲಮ್ಮ. ಆ ಜಾತಿಯದು ಒಂದೂ ನಾನು ಓದಿಲ್ಲ.”

ಅಮ್ಮ ಹೇಳಲು ಶುರು ಮಾಡಿದಳು. ಒಂದು ಎಸ್ಟೇಟ್ ಬಂಗಲೆ. ಒಳಗಿನಿಂದ ಚಿಲಕ ಹಾಕಿದ ಕೋಣೆ. ಮೂರು ಲೋಟ ಕಾಫಿ, ಕುಡಿದವರು ಇಬ್ಬರೇ. ಉಳಿದ ಎರಡು ಮನೆಯ ದಾರಿಯನ್ನು ನಾವು ಎಷ್ಟು ನಿಧಾನವಾಗಿ ನಡೆದೆವೆಂದರೆ ಎದುರು ಮನೆಯವರು ಏನಾಯಿತು ಎಂದು ಹೊರಗೆ ಬಂದು ನೋಡಿದರು. ನಡುವೆ ಒಂದು ಕಡೆ, ಇವನು ನಿಮ್ಮಪ್ಪನ ತರಹದವನೇ, ಕೇಳಿದ್ದಕ್ಕೆ ಉತ್ತರ ಕೊಡುವವನಲ್ಲ ಎಂದು ಹೇಳಿ, ಸ್ವಲ್ಪ ಹೊತ್ತು ಕಥೆ ಬಿಟ್ಟು ಅಪ್ಪನನ್ನೇ ಬೈದಳು. ನಮ್ಮ ಬಾಗಿಲು ಬಂತು. ಮೂರನೆಯ ಲೋಟದವನು ಯಾರು ಎಂದು ಹೇಳುವ ಜಾಗದಲ್ಲಿ ಅಮ್ಮ ಬಾಯಿ ಮುಚ್ಚಿಕೊಂಡಳು.

“ಅಪ್ಪುರ?”

“ಮಿಕ್ಕಿದ್ದು ನೀನೇ ಓದು. ಓದಿ ಬಂದು ನನಗೆ ಹೇಳು.”

“ನಿನಗೆ ಗೊತ್ತಲ್ಲಮ್ಮ.”

“ಗೊತ್ತಿದ್ರೆ ಏನು? ನೀನು ಹೇಳು. ಕೇಳ್ತೀನಿ.”

ಪುಸ್ತಕವನ್ನು ನನ್ನ ಕೈಗಿಟ್ಟು ಕಾಲು ತೊಳೆಯಲು ಹಿಂದಕ್ಕೆ ಹೋದಳು. ನಾನು ಹುಟ್ಟಿದಾಗಿನಿಂದ ಅಮ್ಮ ನನಗೆ ಓದು ಎಂದು ಕೊಟ್ಟ ಮೊದಲ ಪುಸ್ತಕ. ಅದನ್ನೂ ಆರಿಸಿದ್ದು ಅಕ್ಕನೇ. ಹೊಟ್ಟೆ ಉರಿದುಕೊಂಡೇ ಅಲ್ಲೇ ಬಾಗಿಲಲ್ಲಿ ಕೂತು ಮೊದಲ ಪುಟ ತೆರೆದೆ.